ಚಾಪೆಯಷ್ಟು ರಸ್ತೆ

ಬಿಳಿ ಗೆರೆ ಇದೆ, ಇನ್ನೂ ಇದೆ, ಎಡಗಡೆಯ ಚಕ್ರದ ಮಗ್ಗುಲಲ್ಲೇ ಹರಿದು ಬರುತ್ತಿದೆ, ಅಲ್ಲಲ್ಲಿ ಅಳಿಸಿಹೋಗಿ ಮತ್ತೆ ಹುಟ್ಟಿಕೊಳ್ಳುತ್ತದೆ, ಅದು ಕಾಣುವವರೆಗೂ ಭಯವಿಲ್ಲ, ಅದರಾಚೆ ಮರವಿದೆಯೋ ಮೋರಿಯಿದೆಯೋ ನಾಗಲಕ್ಷ್ಮಮ್ಮನಿಗೆ ಬೇಕಾಗಿಲ್ಲ, ಬೇಕಾದದ್ದು ಟೆಂಪೊದ ಮೂತಿಯ ಮುಂದೆ ಡಿಮ್ ಲೈಟು ಬಿಡಿಸಿಕೊಟ್ಟಿರುವ ಇಷ್ಟೇ ಇಷ್ಟು ರಸ್ತೆ, ಮದುವೆ ಊಟಕ್ಕೆ ಪಂಕ್ತಿಯುದ್ದ ಹಾಸುವ ಚಾಪೆಯಷ್ಟು, ಅದು ಮುಗಿಯುತ್ತಿದ್ದಂತೆ ಯಾರೋ ಇನ್ನಷ್ಟು ಹಾಸುತ್ತಾರೆ, ಮತ್ತೂ ಇನ್ನಷ್ಟು, ಕನಕಪುರ ದಾಟಿ ರಾಮನಗರದ ರಸ್ತೆಗೆ ತಿರುಗಿದಾಗಿನಿಂದ ಹೀಗೇ, ಬೆಳಗಾಯಿತು ಎಂದು ಗಡಿಯಾರ ಹೇಳುತ್ತಿದೆ, ಮಂಜು ಒಪ್ಪುತ್ತಿಲ್ಲ — ಅತ್ಗೆ, ಫುಲ್ ಲೈಟ್ ಹಾಕು ಅಂದ್ನಲ್ಲ, ಎಂದು ಪಕ್ಕದಲ್ಲಿ ಕೂತ ಮೈದುನ ಮುನಿಶಾಮಯ್ಯ ಐದನೆಯ ಸಲವೋ ಆರನೆಯ ಸಲವೋ ಹೇಳುತ್ತಾನೆ, ಅವಳು ಹಾಕುವುದಿಲ್ಲ, ಏಕೆಂದು ಕೋಡಿಹಳ್ಳಿ ಬಿಡುವಾಗಲೇ ಹೇಳಿಯಾಗಿದೆ, ಕೇಳದವನಿಗೆ ಹೇಳುತ್ತಾ ಕೂತರೆ ಗೆರೆ ತಪ್ಪಿಹೋಗುತ್ತದೆ.

ಹಿಂದೆ ಐದು ಮನೆಗಳ ರೇಷ್ಮೆಗೂಡು ಚೀಲಗಳಲ್ಲಿ ಕೂತಿದೆ, ತಿಂಗಳಿಡೀ ಸೊಪ್ಪು ಕೊಯ್ದು ಹಾಕಿ ಮಕ್ಕಳಂತೆ ನೋಡಿಕೊಂಡ ಹುಳುಗಳ ಗೂಡು, ರಾಮನಗರದ ಮಾರುಕಟ್ಟೆಯಲ್ಲಿ ಬೆಳಗಿನ ಮೊದಲ ಹರಾಜಿಗೆ ಇಳಿದರೆ ಸರಿ, ಇಲ್ಲವಾದರೆ ಚೀಲದೊಳಗೆ ಬೆವೆತು ಬಣ್ಣ ಮಾಸುತ್ತದೆ, ನೂಲು ತೆಗೆಯುವವರು ಬೆರಳಲ್ಲಿ ಒತ್ತಿನೋಡಿ ಮುಂದಕ್ಕೆ ಹೋಗುತ್ತಾರೆ, ಹೋದ ವಾರ ಹಾಗೇ ಆಗಿತ್ತು, ಆಗಲೂ ಮಂಜು, ಆಗಲೂ ಅವಳು ನಿಧಾನ, ಅದಕ್ಕೇ ನಿನ್ನೆ ಸಂಜೆ ಜಗಲಿಯ ಮೇಲೆ ಐದು ಮನೆಯವರೂ ಸೇರಿದ್ದರು, ಮುನಿಶಾಮಯ್ಯ ಎಲೆಗೆ ಸುಣ್ಣ ಸವರುತ್ತಾ ಯಾರ ಮುಖವನ್ನೂ ನೋಡದೆ ಹೇಳಿದ್ದ, ನಾಳೆ ಒಂದಿನ ನೋಡುವಾ, ಮೊದ್ಲನೇ ಹರಾಜಿಗೆ ಗೂಡು ಇಳೀಲಿಲ್ಲ ಅಂದ್ರೆ ಗಾಡಿ ಕೀ ನನ್ನ ಕೈಗೆ ಬಂದ್ಬುಡ್ಲಿ, ಎಂದು. ಒಬ್ಬೊಬ್ಬರಾಗಿ ಎದ್ದುಹೋದರು, ಐದು ಮನೆಯವರಲ್ಲಿ ಬೋರಮ್ಮ ಮಾತ್ರ ಹೋಗುವಾಗ ನಾಗಲಕ್ಷ್ಮಮ್ಮನ ಭುಜ ಮುಟ್ಟಿ ಹೋದಳು, ಆ ಮುಟ್ಟಿದ್ದರ ಬಿಸಿ ಇನ್ನೂ ಭುಜದಲ್ಲಿದೆ, ಕೀ ಇದೋ ಇಲ್ಲಿದೆ, ಸ್ಟೇರಿಂಗಿನ ಬುಡದಲ್ಲಿ, ಗಾಡಿ ಕುಲುಕಿದಾಗೆಲ್ಲ ಅಲ್ಲಾಡುತ್ತದೆ, ಮುನಿಶಾಮಯ್ಯನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಅದರ ಮೇಲೇ ಇದೆ.

ಕೀ ಎಂದರೆ ಏನು ಅವನಿಗೆ, ಒಂದು ಕಬ್ಬಿಣದ ತುಂಡು, ಅವಳಿಗೆ — ಗಂಡ ಚೆಲುವಯ್ಯ ಕಾಮಾಲೆಯಲ್ಲಿ ಹೋದಮೇಲೆ ಈ ಗಾಡಿ ವರ್ಷವಿಡೀ ತಗಡಿನ ಮಾಡಿನಡಿ ನಿಂತಿತ್ತು, ಅವನು ಕೂರುತ್ತಿದ್ದ ಜಾಗದಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು, ಒಂದು ಬೆಳಿಗ್ಗೆ ಆ ಮೊಟ್ಟೆ ಎತ್ತಲು ಹತ್ತಿದವಳು ಇಳಿಯಲೇ ಇಲ್ಲ, ಮಧ್ಯಾಹ್ನದವರೆಗೂ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತಿದ್ದಳು, ಆಮೇಲೆ ಮೂರು ತಿಂಗಳು ಕನಕಪುರಕ್ಕೆ ಬಸ್ಸಿನಲ್ಲಿ ಹೋಗಿ ಕಲಿತಳು, ಬಸ್‌ಸ್ಟಾಪಿನಲ್ಲಿ ನಗುತ್ತಿದ್ದರು, ನಾಗಲಕ್ಷ್ಮಮ್ಮ ಏರೋಪ್ಲೇನ್ ಕಲಿಯೋಕೆ ಹೊಂಟವ್ಳೆ, ನಗಲಿ, ಕಲಿಸಿದ ನಜೀರ್ ನಗಲಿಲ್ಲ, ಐವತ್ತು ದಾಟಿದ ಹೆಂಗಸು ಕ್ಲಚ್ಚು ಬಿಡಲು ಹೆದರಿದರೆ ತನ್ನ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ತೋರಿಸುತ್ತಿದ್ದ, ಡಿಸೆಂಬರಿನ ಒಂದು ಬೆಳಿಗ್ಗೆ ಬೇಕೆಂದೇ ಮಂಜಿನಲ್ಲಿ ಕರೆದುಕೊಂಡು ಹೋಗಿ ಹೇಳಿದ, ಅಕ್ಕಾ, ಮಂಜಲ್ಲಿ ದೂರ ನೋಡೋ ಆಸೆ ಬಿಟ್ಬಿಡಿ, ಮಂಜು ಕನ್ನಡಿ ಇದ್ದಂಗೆ, ನೀವು ಎಷ್ಟು ಬೆಳಕು ಎಸೀತೀರೋ ಅಷ್ಟೂ ನಿಮ್ ಕಣ್ಣಿಗೇ ವಾಪಸ್ಸು. ಅಂದು ಅವನ ಮಾತು ಹೊಸದೆನಿಸಲಿಲ್ಲ, ಅಪ್ಪ ಎತ್ತಿನಗಾಡಿಯ ಅಚ್ಚಿಗೆ ಕಂದೀಲು ಕಟ್ಟುತ್ತಿದ್ದನಲ್ಲ, ಎರಡು ಚಕ್ರದ ನಡುವೆ, ನೆಲಕ್ಕೆ ಮೊಳದಷ್ಟು ಮೇಲೆ, ಮೂಕಿಯ ಮೇಲೆ ಎತ್ತಿ ಕಟ್ಟಪ್ಪ, ಚೆನ್ನಾಗಿ ಕಾಣ್ತದೆ ಅಂದಿದ್ದಳು ಆರು ವರ್ಷದ ಅವಳು, ಎತ್ತಿಗೆ ಬೇಕಾದ್ದು ನೆಲ ಕಣವ್ವ, ಆಕಾಸ ಅಲ್ಲ, ಅಂದಿದ್ದ ಅಪ್ಪ — ಯಾವ ಶಾಲೆಗೂ ಹೋಗದ ಅಪ್ಪ ಮತ್ತು ನಜೀರ್ ಒಂದೇ ಮಾತು ಹೇಳಿದರು, ಮುನಿಶಾಮಯ್ಯ ಎಸ್ಸೆಸ್ಸೆಲ್ಸಿ.

ಹಿಂದಿನಿಂದ ಹಾರನ್ನು, ಉದ್ದನೆಯದು, ಕನ್ನಡಿಯಲ್ಲಿ ಎರಡು ಬಿಳಿ ಉಂಡೆ, ಬಸ್ಸಿರಬೇಕು, ಹೋಗಪ್ಪ ಹೋಗು ಎಂದು ಎಡಕ್ಕೆ ಸರಿಯುತ್ತಾಳೆ, ಬಸ್ಸು ಬಗಲಲ್ಲೇ ಉಸಿರುಬಿಡುತ್ತಾ ಹಾಯುತ್ತದೆ, ಹಾದ ಮೇಲೆ ಅದರ ಬೆನ್ನಿನಲ್ಲಿ ನಾಲ್ಕೂ ಇಂಡಿಕೇಟರ್ ಪಿಳಿಪಿಳಿ, ಅದು ಓಡುತ್ತಿದೆಯೋ ನಿಂತಿದೆಯೋ ಎಡಕ್ಕೆ ತಿರುಗುತ್ತಿದೆಯೋ ಯಾರಿಗೆ ಗೊತ್ತಾಗಬೇಕು — ನೋಡು, ದೊಡ್ಡ ಬಸ್ಸವ್ನೇ ನಾಲ್ಕೂ ಹಾಕವ್ನೆ, ನಿಂಗೇನು ಬಂದಿರೋದು, ಎನ್ನುತ್ತಾನೆ ಮೈದುನ, ದೊಡ್ಡ ಬಸ್ಸಿನವನು ಬಾವಿಗೆ ಬಿದ್ದರೆ ನಾವೂ ಬೀಳೋಣವೇ ಎಂದು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತಾಳೆ. ಬೆಳಿಗ್ಗೆ ಅವನು ಮಾಡಿದ ಕೆಲಸವೇ ಸಾಕು, ಊರಿನಿಂದ ಹೊರಡುವ ಮೊದಲು ಪೂಜೆ ಮಾಡ್ತೀನಿ ಬುಡು ಅಂದವನು, ಎರಡೂ ಹೆಡ್‌ಲೈಟಿಗೆ ಅರಿಶಿನ ಕಲಸಿ ಅಂಗೈಯಗಲ ಮೆತ್ತಿದ್ದ, ಮಂಜಿಗೆ ಹಳದಿ ಲೈಟೇ ಸರಿ ಅತ್ಗೆ, ಘಾಟಿ ಕಡೆ ಲಾರಿಗೆಲ್ಲ ಹಳದಿನೇ ಇರೋದು, ದೇವರ ಕೆಲಸವೂ ಆಯ್ತು ಲೈಟೂ ಆಯ್ತು, ಎಂದು ನಕ್ಕಿದ್ದ, ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿಯ ಎರಡು ಕಣ್ಣಿಗೂ ಪೊರೆ ಬಂದಂತಾಯಿತು, ಕೋಡಿಹಳ್ಳಿ ಸರ್ಕಲ್ಲಿನಲ್ಲಿ ನಿಲ್ಲಿಸಿ ಸೆರಗಿನಲ್ಲಿ ಉಜ್ಜಿದರೆ ಹೋಗದು, ಟೀ ಅಂಗಡಿಯ ದಿಲ್ಶಾದ್ ಏನೂ ಕೇಳದೆ ಆಗತಾನೇ ಕಾಯಿಸಿದ ಮೊದಲ ಪಾತ್ರೆ ಬಿಸಿನೀರನ್ನೇ ತಂದು ಸುರಿದಳು, ಟೀಗಿಟ್ಟ ನೀರು, ಗಿರಾಕಿಗಳು ಕಾದು ನಿಂತಿದ್ದರು, ಅವರಿಗೆ, ಒಸಿ ತಡೀರಿ, ಗಾಡಿಗೆ ಮುಖ ತೊಳೀತಾ ಇದೀವಿ, ಎಂದಳು.

ಗಾಜು ಒಳಗಿಂದ ಮಸುಕಾಗುತ್ತಿದೆ, ಕಿಟಕಿ ನಾಲ್ಕು ಬೆರಳು ಇಳಿಸಿದರೆ ಛಳಿ ಕಿವಿಗೆ ಕಚ್ಚುತ್ತದೆ, ಮೈದುನ ಮಫ್ಲರ್ ಎಳೆದುಕೊಂಡು ಗೊಣಗುತ್ತಾನೆ, ಎದುರಿನಿಂದ ಲಾರಿ, ಅದರ ಫುಲ್ ಲೈಟು ಮಂಜಿನಲ್ಲಿ ಹಿಂಜಿದ ಹತ್ತಿಯಂತೆ ಊದಿಕೊಂಡಿದೆ, ಅವಳ ಡಿಮ್ ಕಂಡವನು ತಾನೂ ಡಿಮ್ ಮಾಡಿದ, ಮಾಡಿ ಹೋದ, ಮುಖ ಕಾಣಲಿಲ್ಲ, ಹೆಸರು ಗೊತ್ತಿಲ್ಲ, ಒಳ್ಳೆಯದಾಗಲಿ ಅವನಿಗೆ, ಗೆರೆ ಇದೆ, ಚಾಪೆ ಹಾಸಿಕೊಳ್ಳುತ್ತಿದೆ, ಇಷ್ಟು ಹೊತ್ತಿಗೆ ರಾಮನಗರದ ಬಂಡೆಗಳು ಕಾಣಬೇಕಿತ್ತು, ಕಾಣುವುದಿಲ್ಲ, ಅಷ್ಟು ದೊಡ್ಡ ಬೆಟ್ಟಗಳನ್ನೇ ನುಂಗಿ ಕೂತ ಮಂಜು ಒಬ್ಬ ಮನುಷ್ಯನನ್ನು ಬಿಡುತ್ತದೆಯೇ — ಟೈಮ್ ನೋಡ್ದ್ಯಾ, ಹರಾಜು ಶುರುವಾಗ್ತದೆ, ಐದ್ ಮನೆ ಅನ್ನ ನಿನ್ ಹಟಕ್ಕೆ ಹೋಗ್ತದೆ, ತಗೀ ಅತ್ತ, ಎಂದವನೇ ಅಡ್ಡಡ್ಡ ಬಾಗಿ ಸ್ಟೇರಿಂಗಿನ ಹಿಂದಿನ ಕಡ್ಡಿಯನ್ನು ನೂಕಿಬಿಟ್ಟ, ಫುಲ್ ಲೈಟು, ರಸ್ತೆ ಹೋಯಿತು, ಗೆರೆ ಹೋಯಿತು, ಚಾಪೆಯನ್ನು ಯಾರೋ ಸರಕ್ಕನೆ ಎಳೆದುಕೊಂಡರು, ಮುಂದೆ ಸುಣ್ಣ ಹೊಡೆದ ಗೋಡೆ, ಗೋಡೆ, ಗೋಡೆಯೊಳಕ್ಕೇ ಗಾಡಿ ಹೋಗುತ್ತಿದೆ, ಅವಳ ಎಡಗೈ ಅವನ ಕೈಯನ್ನು ಹೊಡೆದಿದೆ, ಬಲಗಾಲು ಬ್ರೇಕಿನ ಮೇಲಿದೆ, ಯಾವುದು ಮೊದಲೋ ತಿಳಿಯದು, ಕಡ್ಡಿ ಎಳೆದಳು, ಡಿಮ್, ಚಾಪೆ ಮತ್ತೆ ಬಿತ್ತು, ಚಾಪೆಯ ತುದಿಯಲ್ಲಿ ಒಂದು ಅಂಗೈ.

ಅಂಗೈ, ಬಿಡಿಸಿದ ಐದು ಬೆರಳು, ಅದರ ಹಿಂದೆ ಮನುಷ್ಯ, ಮನುಷ್ಯನ ಹಿಂದೆ ಮೋಟರ್‌ಬೈಕು, ಎರಡೂ ಬದಿಗೆ ಹಾಲಿನ ಕ್ಯಾನು, ಟೆಂಪೊ ನಿಂತಿದೆ, ಅಂಗೈಗೂ ಟೆಂಪೊದ ಮೂತಿಗೂ ನಡುವೆ ಒಂದು ಮೊಳ, ಹೆಚ್ಚಿಲ್ಲ. ಈಗ ನಾಲ್ಕೂ ಇಂಡಿಕೇಟರ್ ಹಾಕುತ್ತಾಳೆ, ರಸ್ತೆಯಿಂದ ಕೆಳಗೆ ಎಡಕ್ಕೆ ಇಳಿಸುತ್ತಾಳೆ, ಈಗ್ಯಾಕೆ ಹಾಕ್ದೆ ಎಂದು ಮೈದುನನ ಬಾಯಿ ತಾನಾಗಿಯೇ ಕೇಳುತ್ತದೆ, ನಿಂತೋರಿಗೆ ಕಣಪ್ಪ ಅದು, ಓಡೋರಿಗಲ್ಲ, ತನ್ನ ದನಿ ಇಷ್ಟು ಮೆತ್ತಗಿರುವುದು ಅವಳಿಗೇ ಆಶ್ಚರ್ಯ, ಇಳಿದಳು, ಹಾಲಿನವನಿಗೆ ಚೈನು ಕಳಚಿತ್ತಂತೆ, ಲೈಟೂ ಆರಿಹೋಗಿತ್ತಂತೆ, ನಡುರಸ್ತೆಯಲ್ಲೇ ಬಗ್ಗಿ ಸೇರಿಸುತ್ತಿದ್ದನಂತೆ, ಬೈಯಬೇಕು ಅಂದುಕೊಂಡಳು, ಅಷ್ಟರಲ್ಲಿ ಅವನೇ, ಅವ್ವ, ಎಲ್ಲಾ ಬೆಳ್ಳಗಾಗೋಯ್ತು, ಯಾವ ಕಡೆ ಹಾರ್ಬೇಕು ಅಂತಾನೂ ಕಾಣ್ನಿಲ್ಲ, ಕೈ ಒಂದು ಎತ್ತಿದೆ, ಎಂದ. ಅವಳೂ ಅವನೂ ಸೇರಿ ಬೈಕನ್ನು ರಸ್ತೆಯಂಚಿಗೆ ತಳ್ಳಿದರು, ಚೈನು ಕೂರುವವರೆಗೂ ಟೆಂಪೊದ ಬೆಳಕಿನಲ್ಲಿ ನಿಂತಳು, ಹೊತ್ತು ಹೋಗುತ್ತಿತ್ತು, ಹೋಗಲಿ, ಹೊರಡುವಾಗ ಅವನು ತಲೆಗೆ ಸುತ್ತಿದ ಟವಲು ಬಿಚ್ಚಿ ಅವಳ ಗಾಜನ್ನು ಮೂಲೆಮೂಲೆಗೂ ಒರೆಸಿಕೊಟ್ಟ, ಕೊಂದೇಬಿಡುತ್ತಿದ್ದ ಗಾಡಿಯ ಗಾಜನ್ನು, ಒರೆಸುವ ಕೈ ಅದೇ ಕೈ, ಅದೇ ಅಂಗೈ.

ಮತ್ತೆ ಗೆರೆ, ಮತ್ತೆ ಚಾಪೆ, ಅದೇ ವೇಗ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಮೊದಲ ಹರಾಜು ಹೋಗಿರಬಹುದು, ಹೋಗದೆಯೂ ಇರಬಹುದು, ಗೂಡು ಬೆವೆತಿರಬಹುದು, ಐದು ಮನೆಯವರು ಕಟಕಟಾ ಹಲ್ಲು ಕಡಿಯಬಹುದು, ಕಡಿಯಲಿ, ಅವರ ಗೂಡಿಗೆ ಅವಳು ಲೆಕ್ಕವಿಲ್ಲದಷ್ಟು ಬೆಳಗುಗಳನ್ನು ಕೊಟ್ಟಿದ್ದಾಳೆ, ಅಂಗೈಯೊಂದನ್ನು ಕೊಡಲಾರಳು, ಮುನಿಶಾಮಯ್ಯ ಮಫ್ಲರಿನೊಳಗೆ ಮುಖ ಹುದುಗಿಸಿ, ಹೊಡೆಸಿಕೊಂಡ ಕೈಯನ್ನು ತೊಡೆಯಡಿ ಇಟ್ಟುಕೊಂಡಿದ್ದಾನೆ, ಪಾಪ ಅನ್ನಿಸುತ್ತದೆ, ಚಿಕ್ಕವನಿದ್ದಾಗ ಇವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ, ಪಾಪ ಅನ್ನಿಸಿದರೂ ಅಂಗೈ ಹೋಗುವುದಿಲ್ಲ, ಕಡೆಗೆ ಅವನು ಎನ್ನುತ್ತಾನೆ, ಅತ್ಗೆ, ಊರಲ್ಲಿ ಇದ್ನ ಹೇಳ್ಬ್ಯಾಡ. ಹೇಳ್ತೀನಿ ಮುನಿಶಾಮಿ, ಜಗಲಿ ಮೇಲೆ ಎಲ್ರ ಮುಂದೇನೇ ಹೇಳ್ತೀನಿ. ತಡ ಆಗೋಯ್ತು ಅಂತ ಕೀ ಕೇಳ್ತಾರಲ್ಲ. ಕೇಳ್ಲಿ, ಕೊಡಲ್ಲ. ಪಂಚಾಯ್ತಿ ಸೇರಿಸ್ತಾರೆ. ಸೇರಿಸ್ಲಿ, ಗಾಡಿ ತಗೊಂಡೇ ಹೋಗ್ತೀನಿ ಪಂಚಾಯ್ತಿಗೂ, ಡಿಮ್ ಹಾಕ್ಕೊಂಡು. ಹಿಂದೆ ಮತ್ತೆ ಯಾವುದೋ ಹಾರನ್ನು, ಹೊಡೆದುಕೊಳ್ಳಲಿ, ಮಾತು ಗೆದ್ದೆನೆಂದು ಎದೆ ಹಿಗ್ಗಬೇಕಿತ್ತು, ಹಿಗ್ಗುವುದಿಲ್ಲ, ಜಗಲಿಯಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಲು ಹೋಗುತ್ತಾಳೆ, ಐದು ಮನೆಯವರೇ ಕೇಳಿ ಎಂದು ಶುರುಮಾಡುತ್ತಾಳೆ, ಐದು ಎಂದೊಡನೆ ಐದು ಬೆರಳು, ಮಾತು ಅಲ್ಲೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ, ಐದು ಮನೆಯವರೇ, ಚಾಪೆ ಹಾಸಿಕೊಳ್ಳುತ್ತಿದೆ, ಅದರ ತುದಿಯಲ್ಲಿ, ಒದ್ದೆಯಾಗಿ, ಗ್ರೀಸು ಮೆತ್ತಿಕೊಂಡು, ಅವಳನ್ನೇ ನೋಡುತ್ತಾ, ಒಂದು ಮೊಳದಾಚೆ, ಆ ಅಂಗೈ —