ಸಣ್ಣ ಡೋಸ್

ಐದು ವರ್ಷದ ಸಿದ್ರಾಳಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಬೆಂಚಿನ ಮೇಲೆ ತಾಯಿ ತಬಸ್ಸುಮ್ ಅವಳ ತಲೆಯನ್ನು ಮೊಣಕೈ ಸಂದಿಗೆ ಆನಿಸಿಕೊಂಡು ಕೂತಿದ್ದಳು. ಉಸಿರೆಳೆದಾಗೊಮ್ಮೆ ಮಗುವಿನ ಪಕ್ಕೆ ಒಳಗೆ ಕುಸಿಯುತ್ತಿತ್ತು.

ಔಷಧ ಕಂಪನಿಯ ಅರುಣಕುಮಾರ ಹೊರಗೆ ಬಂದ.

"ಪೂರಾ ಡೋಸ್ ಬಂದದಂತಲ್ರಿ ಸಾಹೇಬ್ರ? ಸಿದ್ರಾಗ ಯಾವಾಗ ಹಾಕ್ತೀರಿ?"

"ಆಕಿಗೆ ಹಾಕಾಕ ಬರಂಗಿಲ್ಲಮ್ಮ. ನರದ ಜೀವಕೋಶ ಒಂದು ಹೋಗಿ ಎರಡಾಗಂಗಿಲ್ಲ, ಒಳಗ ಒಮ್ಮೆ ಇಟ್ಟದ್ದು ಅಲ್ಲೇ ಉಳೀತದ. ಅದರೊಳಗ ಚಲೋ ಜೀನ್ ಒಯ್ದು ಇಡ್ಲಿಕ್ಕೆ ವೈರಸ್ಸಿನ ಹೊಟ್ಟಿ ಖಾಲಿ ಮಾಡಿ ಗಾಡಿ ಮಾಡ್ಕೊಂಡೀವಿ. ಹೋದ ವರ್ಷ ಸಣ್ಣ ಡೋಸ್ ಕೊಟ್ಟಿದ್ವಲ್ಲ, ಆವಾಗೇ ಆಕಿ ರಕ್ತ ಆ ಗಾಡಿ ಗುರ್ತು ಹಿಡಿದದ. ಇನ್ನ ಒಳಗ ಬಿಡಂಗಿಲ್ಲ."

"ಮತ್ತ ಸಣ್ಣದು ಯಾಕ ಕೊಟ್ರಿ?"

"ತ್ರಾಸ್ ಆಗ್ತದೇನು ನೋಡ್ಲಿಕ್ಕೆ. ಯಾರಿಗರೆ ಮೊದಲು ಕೊಡಬೇಕಲ್ಲ?"

ತಬಸ್ಸುಮ್ ಜಾರುತ್ತಿದ್ದ ಮಗಳ ತಲೆಯನ್ನು ಮತ್ತೆ ಆನಿಸಿಕೊಂಡಳು. ಗಾಜಿಪುರದ ಆಶಾ ಕಾರ್ಯಕರ್ತೆ ಅವಳು. ಪೋಲಿಯೊ ಡಬ್ಬಿ ಹೆಗಲಿಗೇರಿಸಿ, "ಒಮ್ಮೆ ಹಾಕಿದ್ರೇನಾತು, ಮತ್ತೊಮ್ಮೆ ಹಾಕ್ಸಿರಿ" ಎಂದು ಮನೆಮನೆಗೆ ಹೇಳಿ ಬಂದ ಬಾಯಿ ಅವಳದು. ಮೊದಲ ಡೋಸ್ ಎಂದರೆ ಎರಡನೆಯದು ಇದ್ದೇ ಇರುತ್ತದೆ ಎಂದುಕೊಂಡಿದ್ದಳು. ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

"ಇದೊಂದೇ ಸಲದ್ದು ಅಂತ ಯಾಕ ಹೇಳಲಿಲ್ರಿ?"

ಅವನು ಮಾತು ತಿರುಗಿಸಿದ. "ಕಮಲಾಪುರದಾಗ ಜಯದೇವಿ ಅಂತ ಅದಾರ. ಮಗನಿಗೆ ಇದೇ ಬ್ಯಾನಿ. ನಮ್ಮದು ಇನ್ನೊಂದು ಔಷಧದ ಪರೀಕ್ಷಾ ಸುರು ಆಗ್ಲಕತ್ತದ. ಗಾಡಿ ಅದೇ. ಅವ್ರು ಅಂಜ್ಲಕತ್ತಾರ. ನೀವು ಹೇಳಿದ್ರ ಕೇಳ್ತಾರ. ಸಿದ್ರಾಗ ಮನಿಗೆ ಉಸಿರಿನ ಮಷೀನ್ ನಾ ಕೊಡಸ್ತೀನಿ."

ಮಷೀನ್. ಆಸ್ಪತ್ರೆಯಲ್ಲಿ ಅದನ್ನು ಹಾಕಿದಾಗಷ್ಟೇ ಸಿದ್ರಾ ನೆಟ್ಟಗೆ ನಿದ್ದೆ ಮಾಡಿದ್ದಳು. ತಬಸ್ಸುಮ್ ಮಗಳನ್ನು ಎತ್ತಿಕೊಂಡು ಅವನ ಜೀಪು ಹತ್ತಿದಳು.

ಜಯದೇವಿಯ ಅಂಗಳದಲ್ಲಿ ಕೆಂಪು ಬಾಳೆಯ ಗೊನೆ ಒರಗಿಸಿಟ್ಟಿತ್ತು. ಚಾಪೆಯ ಮೇಲೆ ಮಲಗಿದ್ದ ಮಗ ಕಣ್ಣಷ್ಟೇ ಹೊರಳಿಸಿ ನೋಡಿದ.

"ನೀವು ಹಾಕ್ಸೀರಂತಲ್ಲ ಆಪಾ. ನಾನೂ ಹಾಕ್ಸಲೇನು?"

"ಹಾಂ ಅನ್ರಿ," ಅರುಣಕುಮಾರ ನಕ್ಕ. "ನಮ್ಮ ತಬಸ್ಸುಮ್ ಬಾಯಿ ನಾಚ್ಕೋತಾರ."

ಹಾಂ ಎಂಬುದು ತುಟಿಯವರೆಗೂ ಬಂದಿತ್ತು. ಅವಳು ಸಿದ್ರಾಳನ್ನು ಜಯದೇವಿಯ ತೊಡೆಯ ಮೇಲೆ ಮಲಗಿಸಿದಳು.

"ನೋಡು ತಂಗಿ. ಹಾಕ್ಸಿದ ಕೂಸು ಇದು. ಸಣ್ಣ ಡೋಸ್ ಕೊಟ್ಟು ನೋಡಿದ್ರು. ಈಗ ಪೂರಾ ಡೋಸ್ ಬಂದದ, ಈಕಿಗಿಲ್ಲ. ಇನ್ನ ಯಾವತ್ತೂ ಇಲ್ಲ. ನಿನ್ನ ಮಗಗ ಎಷ್ಟು ಕೊಡ್ತಾರ ಕೇಳು. ಅದಾದ ಮ್ಯಾಲ ಮತ್ತೊಂದು ನಡೀತದೇನು ಕೇಳು. ನಾ ಕೇಳಲಿಲ್ಲ."

ಜಯದೇವಿ ಅರುಣಕುಮಾರನ ಕಡೆ ತಿರುಗಿದಳು. "ಹೇಳ್ರಿ ಮತ್ತ. ಎಷ್ಟು?"

"ಮೊದಲು... ಸಣ್ಣದರಿಂದೇ ಸುರು."

"ನಿಮ್ಮ ಮನಿ ಕೂಸಿನಿಂದ ಸುರು ಮಾಡ್ರಿ" ಎಂದಳು ಜಯದೇವಿ.

"ಮಷೀನ್ ಮರ್ತ್ಬಿಡ್ರಿ ಬಾಯಿ" ಎಂದವನೇ ಅವನು ಜೀಪಿನ ಬಾಗಿಲು ಬಡಿದ. ತಾಯಿ, ಮಗಳು ಇಬ್ಬರನ್ನೂ ಅಲ್ಲೇ ಬಿಟ್ಟು ಜೀಪು ಹೋಯಿತು.

ಸಿದ್ರಾಳ ಉಸಿರು ಗೊರಗೊರ ಎನ್ನತೊಡಗಿತು. ಜಯದೇವಿ ಅವಳ ಕುತ್ತಿಗೆಗೆ ಅಂಗೈ ಕೊಟ್ಟಳು.

"ಮಹಾಗಾಂವದಾಗೂ ಇಂಥದೊಂದು ಕೂಸು ಅದ ಆಪಾ. ಈಗ ಅಲ್ಲಿಗೇ ಹೋಗಿರ್ತಾನ ಇವ."

ಇವತ್ತು ರಾತ್ರಿ ಮಗಳು ಹೇಗೆ ಉಸಿರಾಡುತ್ತಾಳೋ ತಬಸ್ಸುಮ್‌ಗೆ ಗೊತ್ತಿರಲಿಲ್ಲ.

"ಮಹಾಗಾಂವದ ಬಸ್ ಎಲ್ಲಿ ನಿಲ್ತದ?" ಎಂದು ಮಗಳನ್ನು ಎತ್ತಿಕೊಂಡು ಎದ್ದಳು.