ಮೂರನೆಯ ದೋಷ

ಮೂರನೆಯ ದೋಷ ಸಿಗುತ್ತಿರಲಿಲ್ಲ. ಪ್ರತಿ ವಿಮರ್ಶೆಗೂ ಶಕ್ತಿ ಮೂರು, ದೌರ್ಬಲ್ಯ ಮೂರು ಎಂಬುದು ಪತ್ರಿಕೆಯ ನಿಯಮ. ಸಿನಿಮಾ ಹೇಗಾದರೂ ಇರಲಿ. ಹದಿನೆಂಟು ವರ್ಷಗಳಿಂದ ವಿಮರ್ಶಕ ಹೀಗೇ ತೂಗುತ್ತ ಬಂದಿದ್ದ. ತಕ್ಕಡಿ ಯಾವ ಕಡೆಗೂ ವಾಲಿದ್ದಿಲ್ಲ. ಓದುಗರು ಅದನ್ನು ಪ್ರಬುದ್ಧತೆ ಎನ್ನುತ್ತಿದ್ದರು.

ಬೆಳಗಿನ ಆಟಕ್ಕೆ ಅಕ್ಕನನ್ನು ಕರೆದುಕೊಂಡು ಹೋಗಿದ್ದ. ಪಾಸು ಎರಡಿತ್ತು, ಜೊತೆಗೆ ಬರುವವರು ಬೇರೆ ಯಾರೂ ಇರಲಿಲ್ಲ. ಕಥೆ ಇಷ್ಟೇ: ಒಬ್ಬ ಧರ್ಮಗುರುವಿನ ಕೊಲೆ, ನೆಲಮಾಳಿಗೆಯಲ್ಲಿ ಬಚ್ಚಿಟ್ಟ ಪವಿತ್ರ ಗ್ರಂಥದ ಕಡೆಯ ಹಾಳೆ, ಅದು ಹೊರಬರದಂತೆ ಆರುನೂರು ವರ್ಷಗಳ ಸಂಚು. ಕೊನೆಗೆ ಹಾಳೆ ಸಿಗುತ್ತದೆ. ಅದರಲ್ಲಿ ಒಂದೇ ಸಾಲು: ‘ಈ ಕಥೆಯನ್ನೆಲ್ಲ ಕಟ್ಟಿದ್ದು ನಾವೇ, ಮನ್ನಿಸಿ.’

ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ದೀಪ ಹತ್ತಿದ ಮೇಲೂ ಅಕ್ಕ ಏಳಲಿಲ್ಲ.

ಈಗ ಸಂಜೆ, ಮನೆಯಲ್ಲಿ, ಅವಳು ಅವನ ಮೇಜಿನ ಪಕ್ಕ ಬಂದು ನಿಂತಳು.

“ಆ ಹಾಳೆ ನಿಜವೇನೋ?”

“ಸಿನಿಮಾ ಅಕ್ಕ ಅದು.”

“ಅಷ್ಟು ನಂಗೂ ಗೊತ್ತು. ಅಂಥದ್ದೊಂದು ಇದ್ದಿರಬಹುದಾ ಅಂತ.”

“ಕ್ಯಾಮೆರಾ ಕೆಲಸ ಚೆನ್ನಾಗಿತ್ತಲ್ವಾ?”

ಅಕ್ಕ ಕಿಟಕಿಯತ್ತ ತಿರುಗಿದಳು. ಭಾವ ತೀರಿಕೊಂಡು ಅವಳು ಈ ಮನೆಗೆ ಬಂದು ಒಂಬತ್ತು ವರ್ಷ. ಅಂದಿನಿಂದ ಸಂಜೆ ಆರಕ್ಕೆ ಎದುರು ಬೀದಿಯ ಪ್ರಾರ್ಥನಾ ಮಂದಿರ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಗಡಿಯಾರ ಆರೂಕಾಲು ತೋರಿಸುತ್ತಿತ್ತು.

“ಹೋಗಲ್ವಾ ಇವತ್ತು?”

“ಹೋಗಿ ಯಾರನ್ನ ಏನು ಕೇಳಲಿ?”

ಒಂಬತ್ತು ವರ್ಷ ಅವಳ ಭಕ್ತಿಯನ್ನು ಗೇಲಿ ಮಾಡಿದವನು ಇವನೇ. ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ.

“ನೀನು ಓದಿದವನು,” ಅಂದಳು ಅಕ್ಕ. “ಆ ಹಾಳೆ ಗೀಳೆ ಎಲ್ಲ ಸುಳ್ಳು ಅಂತ ಒಂದ್ಸಲ ಹೇಳಿಬಿಡು, ಸಾಕು. ಈಗಲೇ ಹೋಗ್ತೀನಿ.”

ಒಂದೇ ಮಾತು. ಹೇಳಿದರೆ ಗಂಟೇನೂ ಹೋಗುತ್ತಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ.

“ಎರಡೂ ಕಡೆ ನೋಡಬೇಕಾಗುತ್ತೆ ಅಕ್ಕ...”

ಫೋನು ಬಡಿದುಕೊಂಡಿತು. ಬದುಕಿದೆ ಎಂದುಕೊಂಡ. ಉಪಸಂಪಾದಕ.

“ಸರ್, ಪುಟ ಕಾಯ್ತಾ ಇದೆ. ಒಂದು ದೌರ್ಬಲ್ಯ ಕಮ್ಮಿ ಬಿದ್ದಿದೆ.”

“ಬರ್ಕೊಳ್ಳಿ. ಚಿತ್ರ ಪ್ರೇಕ್ಷಕರನ್ನು ಎಲ್ಲೂ ಅಲುಗಾಡಿಸುವುದಿಲ್ಲ.”

“ಸೂಪರ್ ಸರ್! ಸ್ಟಾರ್ ಎಷ್ಟು?”

“ಎರಡೂವರೆ.”

ಫೋನಿಟ್ಟು ತಿರುಗಿದ. ಅಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಎರಡೂ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿದ್ದವು. ‘ಸ್ವಲ್ಪ ಹಿಡ್ಕೊಂಡಿರಿ, ಬಂದೆ’ ಎಂದು ಯಾರೋ ಕೈಗೆ ಕೊಟ್ಟಿದ್ದನ್ನು ಅವಳಿಗೆ ತಿಳಿಯದಂತೆ ವಾಪಸು ಒಯ್ದ ಹಾಗಿತ್ತು. ಬೆರಳುಗಳು ಮಾತ್ರ ಅದರ ಆಕಾರದಲ್ಲೇ ಬಾಗಿಕೊಂಡಿದ್ದವು.