ಕ್ಯಾತನ ಅವ್ವನ ಹಾಡು

ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ, ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ, ಬಾಯಿ ಮುಚ್ಚಲು ಬಾರದ ಹೆಂಗಸೊಬ್ಬಳಿದ್ದಳಂತೆ. ಕೋಳಿಗೆ ಕಾಳು ಹಾಕುವಾಗ ಹಾಡುವಳು, ಕೋಳಿ ಕೊಯ್ಯುವಾಗಲೂ ಹಾಡುವಳು. ಎರಡಕ್ಕೂ ಧಾಟಿ ಒಂದೇ ಆದ್ದರಿಂದ ಕೋಳಿಗಳಿಗೆ ಕೊನೆಯವರೆಗೂ ಸುಳಿವು ಸಿಗುತ್ತಿರಲಿಲ್ಲವಂತೆ.

ಪಾತಮ್ಮ ತನ್ನ ಕಥೆಯನ್ನೇ ಹೀಗೆ ಯಾರೋ ರಾಣಿಯ ಕಥೆಯೆಂಬಂತೆ ಮೊಮ್ಮಗಳು ಉಚ್ಚಂಗೆಮ್ಮನಿಗೆ ಹೇಳುತ್ತಿದ್ದಳು. ಅದನ್ನು ಕೇಳುತ್ತ ಕೇಳುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿ, ಕರುವನ್ನು ಬಿಚ್ಚಿಕೊಂಡು ಹೋಗಲು ಬಿಟ್ಟು, ಉಚ್ಚಂಗೆಮ್ಮ ಹದಿನೇಳು ವರ್ಷದವಳಾಗಿದ್ದಳು. ಈಗ ಪಾತಮ್ಮ ಸತ್ತು ಹನ್ನೊಂದನೆಯ ದಿನ. ಅಂಗಳದಲ್ಲಿ ಇನ್ನೊಂದು ಕಥೆ ನಡೆದಿತ್ತು. ಅದರೊಳಗಿನ ಪಾತಮ್ಮನ ಗುರುತೇ ಉಚ್ಚಂಗೆಮ್ಮನಿಗೆ ಹತ್ತುತ್ತಿರಲಿಲ್ಲ.

ಅದನ್ನು ಹಾಡುತ್ತಿದ್ದವಳು ಕರಿಯಕ್ಕ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದು ಅವಳ ಕಸುಬು. ಚಳ್ಳಕೆರೆಯಿಂದ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದವನು ಪಾತಮ್ಮನ ಒಬ್ಬನೇ ಮಗ ಜಂಬುಲಿಂಗಪ್ಪ. ಅಲ್ಲಿ ಅವನಿಗೆ ನಾಲ್ಕು ಎಣ್ಣೆಗಾಣಗಳಿದ್ದವು, ಒಂದು ಕರಿ ಕೋಟಿತ್ತು, ಬಿಸಿಲಲ್ಲೂ ಅದನ್ನು ಬಿಚ್ಚದ ಹಟವಿತ್ತು. ಮೊಳಕಾಲ್ಮೂರಿನಿಂದ ಕಂದಾಯದ ಶೇಕದಾರರು ಬೇರೆ ಊಟಕ್ಕೆ ಬಂದು ಕಂಬಳಿಯ ಮೇಲೆ ಕೂತಿದ್ದರು. ಅವರ ಕಿವಿಗೆ ಹಿತವಾಗುವಂತೆ ಏನೇನು ಹಾಡಬೇಕೆಂದು ಜಂಬುಲಿಂಗಪ್ಪ ದಾರಿಯುದ್ದಕ್ಕೂ ಕರಿಯಕ್ಕನಿಗೆ ಹೇಳಿಕೊಟ್ಟಿದ್ದ. ಹಾಗಾಗಿ ಪಾತಮ್ಮ ಈಗ ನೆರಳಿಗೂ ಮುಖ ತೋರಿಸದ ಗರತಿಯಾಗಿದ್ದಳು. ಗಂಡನೆದುರು ತುಟಿ ಬಿಚ್ಚದವಳು, ಏಕಾದಶಿ ಬಿಡದವಳು, ನಕ್ಕರೆ ಹಲ್ಲು ಕಾಣಿಸದವಳು.

ಪಾತಮ್ಮ ನಗುವಾಗ ಕಾಣಿಸದೆ ಉಳಿಯುತ್ತಿದ್ದದ್ದು ಕಿರುನಾಲಿಗೆಯೊಂದೇ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಊರು ತಲೆಯಾಡಿಸುತ್ತಿತ್ತು. ಬದುಕಿದ್ದಾಗ ಅವಳ ಹಾಡಿಗೆ ಕಿವಿ ಮುಚ್ಚಿಕೊಂಡ ಸೊಸೆ ಸೆರಗಿನ ತುದಿಯನ್ನು ಒಣಗಿದ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಇಷ್ಟೇ ಆಗಿದ್ದರೆ ಉಚ್ಚಂಗೆಮ್ಮ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಅವಳ ಮೇಲೆ ಒಂದು ಮಾತಿನ ಭಾರವಿತ್ತು. ಆ ಮನೆತನದಲ್ಲಿ ಹೆಂಗಸು ಸತ್ತರೆ ಬೀಸುವ ಕಲ್ಲಿನ ಗೂಟ ಕಿತ್ತಿಡುತ್ತಾರೆ. ಹನ್ನೊಂದನೆಯ ದಿನ ಗೂಟ ಮತ್ತೆ ಹಾಕಿ, ಮಗಳೋ ಮೊಮ್ಮಗಳೋ ಒಂದು ಸೇರು ರಾಗಿ ಬೀಸುತ್ತ ಸತ್ತವಳ ಬಾಳನ್ನು ಹಾಡಬೇಕು. ಆ ಸೇರು ಮುಗಿಯುವವರೆಗೆ ಯಾರೂ ಕಲ್ಲು ನಿಲ್ಲಿಸುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ನಿಲ್ಲಿಸಿದರೆ ಸತ್ತವಳು ಹಸಿದು ಹೋಗುತ್ತಾಳೆ, ನಿಲ್ಲಿಸಿದವನ ಮನೆಯಲ್ಲಿ ಮುಂದೆ ಹಿಟ್ಟು ಒದಗುವುದಿಲ್ಲ.

ಹಾಸಿಗೆ ಹಿಡಿದ ಮೇಲೆ ಪಾತಮ್ಮ ಮೊಮ್ಮಗಳ ಕೈ ಹಿಡಿದು ಹೇಳಿದ್ದಳು: "ನನ್ನ ಹಾಡು ನೀನೇ ಹಾಡ್ಬೇಕು ಕಣವ್ವ. ಬರೀ ಒಳ್ಳೇದು ಹಾಡಿದ್ರೆ ಎದ್ದು ಬರ್ತೀನಿ ನೋಡು. ಗೊಂಬೆ ಆಟದ್ದು ಮಾತ್ರ ಬಿಡಂಗಿಲ್ಲ."

ಉಚ್ಚಂಗೆಮ್ಮ ಹೂಂ ಅಂದಿದ್ದಳು.

ಜಂಬುಲಿಂಗಪ್ಪನ ನಿದ್ದೆ ಕೆಡಿಸಿದ್ದು ಆ ಗೊಂಬೆ ಆಟವೇ. ತುಂಬಿದ ಬಸುರಿ ಪಾತಮ್ಮ ಊರಾಚೆ ತೊಗಲುಗೊಂಬೆ ಆಟ ನೋಡಲು ಹೋಗಿದ್ದಳು. ನೋವು ಬಂದರೂ ಕಥೆ ಮುಗಿಯಲಿ ಎಂದು ಏಳಲಿಲ್ಲ. ಕೊನೆಗೆ ತೆರೆಯ ಹಿಂದೆಯೇ ಮಗ ಹುಟ್ಟಿದ, ಗೊಂಬೆಯವರ ಹೆಂಗಸು ಹೊಕ್ಕುಳ ಬಳ್ಳಿ ಕೊಯ್ದಳು. ಆ ಹೊತ್ತಿಗೆ ತೆರೆಯ ಮೇಲೆ ಕುಣಿಯುತ್ತಿದ್ದ, ಜನರನ್ನು ನಗಿಸುವ ಕ್ಯಾತನ ಹೆಸರನ್ನೇ ಪಾತಮ್ಮ ಮಗನಿಗಿಟ್ಟಳು. ಕ್ಯಾತಪ್ಪ ಚಳ್ಳಕೆರೆಗೆ ಹೋಗಿ ಎರಡನೆಯ ಗಾಣ ಹಾಕಿದ ವರ್ಷ ಜಂಬುಲಿಂಗಪ್ಪನಾದ. ಕೋಟು ಹೊಲಿಸಿದ್ದೂ ಆ ವರ್ಷವೇ. ಅವ್ವ ಮಾತ್ರ ಸಾಯುವವರೆಗೂ ಬೀದಿಯ ತುದಿಯಿಂದ "ಏ ಕ್ಯಾತಾ" ಎಂದೇ ಕೂಗುತ್ತಿದ್ದಳು.

ಕರಿಯಕ್ಕ ಮೂಗು ಒರೆಸಿಕೊಂಡು ಹಾಡು ನಿಲ್ಲಿಸಿದಾಗ ಉಚ್ಚಂಗೆಮ್ಮ ಮೊರದಲ್ಲಿ ರಾಗಿ ತಂದು ಬೀಸುವ ಕಲ್ಲಿನ ಮುಂದೆ ಕೂತಳು. ಮಾಡಿನ ಗೂಡಿನಲ್ಲಿಟ್ಟಿದ್ದ ಗೂಟ ಇರಲಿಲ್ಲ. ಅವಳ ಅವ್ವ ಸಿದ್ದಕ್ಕ ನೆಲ ನೋಡಿದಳು. ಸಿದ್ದಕ್ಕನಿಗೆ ಅಣ್ಣ ಜಂಬುಲಿಂಗಪ್ಪನೆಂದರೆ ಹುಟ್ಟಿದಾಗಿನಿಂದ ಹೆದರಿಕೆ.

"ಮಾವ, ಗೂಟ ಎಲ್ಲೈತೆ?"

"ಗೂಟ ಯಾಕ್ಲೇ? ಹಿಟ್ಟು ಚಳ್ಳಕೆರೆಯಿಂದ್ಲೇ ಬೀಸಿಸ್ಕೊಂಡು ತಂದೀನಿ, ಎರಡು ಮೂಟೆ. ಶೇಕದಾರರು ಹಸಿದವ್ರೆ. ಏಳು."

ಅವನ ಕೋಟಿನ ಬಲಜೇಬು ಉಬ್ಬಿತ್ತು. ನಾಲ್ಕು ಗಾಣದ ಯಜಮಾನ ಗೇಣುದ್ದದ ಕಟ್ಟಿಗೆಯನ್ನು ಕದ್ದು ಜೇಬಿನಲ್ಲಿಟ್ಟುಕೊಂಡು, ಅದು ಪಕ್ಕೆಗೆ ಚುಚ್ಚುತ್ತಿದ್ದರೂ ನೆಟ್ಟಗೆ ಕೂತಿದ್ದ. ಇಂಥವನಿಗೆ ಹೆದರಿಕೊಂಡು ಇಷ್ಟು ದಿನ ತಲೆ ತಗ್ಗಿಸಿದೆನಲ್ಲ ಎಂದು ಉಚ್ಚಂಗೆಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಗೋಡೆಗೆ ಒರಗಿಸಿದ ಕೋಳಿ ಅಟ್ಟುವ ಕೋಲಿತ್ತು. ಮೊದಲು ಅದು ಪಾತಮ್ಮನ ಏಕತಾರಿಯ ದಂಡವಾಗಿತ್ತು. ತಾತ ಓಬಯ್ಯ ಒಂದು ದಿನ ಸಿಟ್ಟಿನಲ್ಲಿ ಆ ಏಕತಾರಿಯನ್ನು ಬೀಸುವ ಕಲ್ಲಿಗೇ ಅಪ್ಪಳಿಸಿದ್ದ. ಪಾತಮ್ಮ ಅಳಲಿಲ್ಲ. ಅದರ ಒಡೆದ ಸೋರೆಬುರುಡೆಯಲ್ಲಿ ಉಪ್ಪು ತುಂಬಿದಳು, ದಂಡವನ್ನು ಕೋಳಿ ಅಟ್ಟಲು ಇಟ್ಟುಕೊಂಡಳು, ಮರುದಿನ ಬೆಳಗ್ಗೆ ಬೀಸುತ್ತ ಗಂಡನ ಮೇಲೆ ಹನ್ನೆರಡು ನುಡಿಯ ಹಾಡು ಕಟ್ಟಿದಳು. ಓಬಯ್ಯ ಆ ಹಾಡನ್ನು ಇಪ್ಪತ್ತು ವರ್ಷ ಕೇಳಿಸಿಕೊಂಡು ಸತ್ತ.

ಉಚ್ಚಂಗೆಮ್ಮ ಆ ಕೋಲನ್ನು ಕುಡುಗೋಲಿನಿಂದ ಗೇಣುದ್ದಕ್ಕೆ ಕಡಿದು, ತುದಿಗೆ ಬಟ್ಟೆ ಸುತ್ತಿ, ಕಲ್ಲಿನ ತೂತಿಗೆ ಬಿಗಿಯಾಗಿ ಇಳಿಸಿದಳು. ಮೊದಲ ಹಿಡಿ ರಾಗಿ ಸುರಿದು ಕಲ್ಲು ತಿರುಗಿಸಿದಳು. ಜಂಬುಲಿಂಗಪ್ಪ ಏಳಲು ಹೋಗಿ, ಕಲ್ಲಿನ ಸದ್ದು ಕೇಳಿ, ಅರ್ಧ ಎದ್ದವನು ಅರ್ಧಕ್ಕೇ ನಿಂತ. ದೊಡ್ಡ ಮನುಷ್ಯನಾಗಿದ್ದ ನಿಜ, ಆದರೆ ಹಿಟ್ಟು ಒದಗದೆ ಹೋದೀತೆಂಬ ಭಯ ಕೋಟಿನೊಳಗೂ ಹಾಗೇ ಉಳಿದಿತ್ತು.

ಉಚ್ಚಂಗೆಮ್ಮನ ಕಂಠ ಅಜ್ಜಿಯದಷ್ಟು ಇಂಪಲ್ಲ. ಮೊದಲ ಎರಡು ನುಡಿ ನಡುಗಿದವು. ಹಾಡಿನೊಳಗೆ ಬಾಯಿ ಮುಚ್ಚಲು ಬಾರದ ಹೆಂಗಸು ಬಂದಳು, ಕೋಳಿ ಬಂತು, ಒಡೆದ ಬುರುಡೆ ಬಂತು. ಮುದುಕಿಯರು ಮೊದಲು ಬಾಯಿಗೆ ಸೆರಗು ಇಟ್ಟುಕೊಂಡರು, ಆಮೇಲೆ ತೆಗೆದರು. ಕರಿಯಕ್ಕ ಆಗಲೇ ಸೊಲ್ಲು ಹಿಡಿದು ದನಿಗೂಡಿಸುತ್ತಿದ್ದಳು. ಕೂಲಿ ಯಾವ ಹಾಡಿಗಾದರೇನು.

"ಗೊಂಬೆ ಕುಣಿವಾಗ ಕಂದ ಬಂದಾನೆ ತೆರೆಹಿಂದೆ
ದೀವಿಗೆ ಬೆಳಕ ಮೊದಲುಂಡು – ನನ ಮಗ
ಕ್ಯಾತಾ ಅಂದಾರೆ ನಗುತಾನೆ"

ಶೇಕದಾರರು ಯಾರ ಮಗ ಎಂದು ಪಕ್ಕದವನನ್ನು ಕಣ್ಣಲ್ಲೇ ಕೇಳಿದರು. ಪಕ್ಕದವನು ಗಲ್ಲದಿಂದ ತೋರಿಸಿದ. ಶೇಕದಾರರ ಮೀಸೆ ಅಲುಗಾಡಿತು.

ಹಾಡಿನಲ್ಲಿ ಎರಡನೆಯ ಸಲ ಕ್ಯಾತಾ ಎಂಬ ಕೂಗು ಬಂದಾಗ ಜಂಬುಲಿಂಗಪ್ಪನ ತುಟಿ ತಾನಾಗಿ ದುಂಡಗಾಯಿತು. ಚಿಕ್ಕಂದಿನ ರೂಢಿಯಿಂದ "ಓ" ಎನ್ನುವುದೊಂದು ಗಂಟಲಿಗೆ ಬಂದು ನಿಂತಿತ್ತು. ಉಚ್ಚಂಗೆಮ್ಮ ಅದನ್ನು ಕಂಡಳು. ಅವ್ವ ಬದುಕಿದ್ದಾಗ ಓ ಅನ್ನಲು ನಾಚಿದವನು ಈಗ ಅಂದರೆಷ್ಟು, ಬಿಟ್ಟರೆಷ್ಟು ಎಂದುಕೊಂಡು ಅವನ ಕಡೆಯಿಂದ ಮುಖ ತಿರುಗಿಸಿದಳು.

ಮೊರದಲ್ಲಿ ಒಂದು ಹಿಡಿ ಉಳಿದಿತ್ತು, ಹಾಡಿನಲ್ಲಿ ಒಂದು ನುಡಿ. ಅದನ್ನು ಸುರಿದಳು, ಇದನ್ನು ಹಾಡಿದಳು. ಕಲ್ಲು ಬರಿದಾಗಿ ಗರಗರ ಎಂದಿತು. ಆಗ ಅವಳು ಗೂಟದಿಂದ ಕೈ ತೆಗೆದಳು.